ಹೊಸ ಎಂಜಿನ್ನಿನ ಹಳೇ ಬಿರುಕು

ನಾನು ಹೋಗಿ ತಲುಪುವಷ್ಟರಲ್ಲಿ ಕಾರಿನಡಿಯಿಂದ ಹರಿದ ಆಯಿಲ್ ರಸ್ತೆಯ ಅಂಚು ಮುಟ್ಟಿತ್ತು. ಸೋಗಾನೆ ವಿಮಾನ ನಿಲ್ದಾಣದ ರಸ್ತೆ ಅದು. ಮಾರ್ಚ್ ತಿಂಗಳು, ಬೆಳಗಿನ ಹತ್ತು ಗಂಟೆಗೇ ಉರಿ ಬಿಸಿಲು. ಸಮತಾ ಆ ಆಯಿಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಖಾಕಿ ಅಂಗಿಯ ತೋಳು ಪೂರ್ತಿ ಕಪ್ಪಾಗಿತ್ತು. ಸೋರುವುದನ್ನು ಕೈಯಲ್ಲಿ ಒತ್ತಿ ಹಿಡಿಯಲು ಹೋಗಿ ಬಲ ಅಂಗೈ ಸುಟ್ಟುಕೊಂಡಿದ್ದಳು.

"ಅಣ್ಣ, ಗಾಡಿ ತಗೊಂಡು ನಲವತ್ತೇಳು ದಿನ ಆಗಿದೆ ಅಷ್ಟೇ," ಎಂದಳು.

ನಾನು ಬಾನೆಟ್ ಎತ್ತಿದೆ.

"ನಲವತ್ತೇಳೇ ದಿನ ಅಣ್ಣ."

ಎಂಜಿನ್ನಿನ ಬದಿಯಲ್ಲಿ ಮುಷ್ಟಿ ತೂರುವಷ್ಟು ತೂತು. ಒಳಗಿನ ಕಬ್ಬಿಣ ಹೊರಗೆ ಬಂದಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ರಿಪೇರಿಯ ಮಾತಲ್ಲ.

"ಏನಾಯ್ತು ಹೇಳು."

"ಏನಿಲ್ಲ. ಅರವತ್ತರಲ್ಲಿ ಹೋಗ್ತಿದ್ದೆ. ಐದನೇ ಗೇರು. ಟಕ್ ಟಕ್ ಅಂತ ಎರಡು ಸಲ ಸದ್ದಾಯ್ತು. ಆಮೇಲೆ ಒಳಗೆ ಯಾರೋ ಸುತ್ತಿಗೇಲಿ ಬಡಿದಂಗಾಯ್ತು. ನಿಂತೇ ಹೋಯ್ತು." ಅವಳು ಮುಖ ಎತ್ತಿದಳು. "ಪ್ಯಾಸೆಂಜರು ಬೈಕೊಂಡು ಆಟೋ ಹತ್ತಿ ಹೋದ್ರು. ವಿಮಾನ ತಪ್ಪಿದ್ರೆ ನಿನ್ನ ಮೇಲೆ ಕೇಸು ಅಂದ್ರು. ವಾರಂಟಿ ಇದೆಯಲ್ವಾ ಅಣ್ಣ?"

"ಇದೆ," ಎಂದೆ. ಆಗ ನಾನು ಸುಳ್ಳು ಹೇಳಿರಲಿಲ್ಲ.

ನನ್ನ ಹೆಸರು ಪ್ರಕಾಶ್. ಶಿವಮೊಗ್ಗದ ಒಂದು ಕಾರು ಷೋರೂಮಿನ ಸರ್ವಿಸ್ ಸೆಂಟರಿನಲ್ಲಿ ಆರು ವರ್ಷ ಮೆಕ್ಯಾನಿಕ್ ಆಗಿದ್ದೆ. ಅಂಗಿಯ ಬೆನ್ನ ಮೇಲೆ ಕಂಪನಿಯ ಹೆಸರು, ಸಂಬಳ ಕೊಡುವವನು ಗುತ್ತಿಗೆದಾರ. ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ನಮ್ಮನ್ನು ಹೊಸದಾಗಿ ಸೇರಿಸಿಕೊಂಡ ಹಾಗೆ ಬರೆದುಕೊಳ್ಳುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಇದು ಕಾರಣ. ಸಮರ್ಥನೆಯಲ್ಲ, ಕಾರಣ.

ಸಮತಾ ಭದ್ರಾವತಿಯ ಜನ್ನಾಪುರದವಳು. ಬೇರೆಯವರ ಸ್ಕೂಲ್ ವ್ಯಾನನ್ನು ಐದು ವರ್ಷ ಓಡಿಸಿದ್ದಳು. ವಿಮಾನ ನಿಲ್ದಾಣ ಬಂದ ಮೇಲೆ ಸ್ವಂತದ್ದೊಂದು ಟ್ಯಾಕ್ಸಿ ಆಗಲಿ ಎಂದು ಸಾಲ ಮಾಡಿ ಈ ಕಾರು ತೆಗೆದಿದ್ದಳು. ಸಾಲಕ್ಕೆ ಮೊದಲು ಕಟ್ಟಬೇಕಾದ ಹಣ ಅವಳ ಅಪ್ಪ ಹುಲಿಯಪ್ಪ ಫೌಂಡ್ರಿ ಬಿಟ್ಟಾಗ ಬಂದದ್ದು. ಕಬ್ಬಿಣ ಕರಗಿಸಿ ವಾಹನದ ಬಿಡಿಭಾಗ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿಯಲ್ಲಿ ಅವನು ಇಪ್ಪತ್ತಾರು ವರ್ಷ ದುಡಿದಿದ್ದ.

ಅವತ್ತು ಮಧ್ಯಾಹ್ನವೇ ಎಂಜಿನ್ ಇಳಿಸಿ ಬಿಚ್ಚಿದೆ. ಕನೆಕ್ಟಿಂಗ್ ರಾಡ್ ಎರಡು ತುಂಡಾಗಿತ್ತು. ಪಿಸ್ಟನ್ನನ್ನು ಹಿಡಿದು ಮೇಲೆ ಕೆಳಗೆ ಆಡಿಸುವ ಗೇಣುದ್ದದ ಉಕ್ಕಿನ ತೋಳು ಅದು. ಅದು ಮುರಿದರೆ ಎಂಜಿನ್ ತನ್ನನ್ನು ತಾನೇ ಬಡಿದುಕೊಂಡು ಸಾಯುತ್ತದೆ. ನಿಲ್ಲುವ ಗಳಿಗೆಯಲ್ಲಿ ಗಾಡಿ ಹೇಗೆ ಓಡುತ್ತಿತ್ತು ಎಂಬುದು ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಸ್ಕ್ಯಾನರ್ ಹಾಕಿ ನೋಡಿದೆ. ಅರವತ್ತೆರಡರ ವೇಗ. ಎಂಜಿನ್ನಿನ ಸುತ್ತು ಮಿತಿಯೊಳಗೇ ಇತ್ತು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಜನವರಿಯಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರ ಕಾರು ಹೀಗೇ ಬಂದಿತ್ತು. ಆಮೇಲೆ ಒಬ್ಬ ಡಾಕ್ಟರದ್ದು. ಅದೇ ಮಾಡೆಲ್, ಅದೇ ರಾಡು. ಇಬ್ಬರಿಗೂ ಒಂದು ಮಾತು ಕೇಳದೆ ಹೊಸ ಎಂಜಿನ್ ಕೂರಿಸಿ ಕೊಟ್ಟೆವು. ಸಾಹುಕಾರರ ಮನೆಗೆ ಕಾರಿನ ಜೊತೆ ಸ್ವೀಟ್ ಬಾಕ್ಸೂ ಹೋಗಿತ್ತು.

ಸರ್ವಿಸ್ ಮ್ಯಾನೇಜರ್ ತ್ರಿವಿಕ್ರಮ ಬಂದು ತುಂಡುಗಳನ್ನು ನೋಡಿದರು. ಕೆಟ್ಟ ಮನುಷ್ಯನಲ್ಲ. ನನ್ನ ಹೆಂಡತಿ ವೀಣಾಳ ಆಪರೇಷನ್ ಆದಾಗ ರಜೆ ಕೊಟ್ಟವರು.

"ಇದು ಮೂರನೇದು ಕಣೋ," ಎಂದರು. "ಒಂದೇ ತಿಂಗಳಲ್ಲಿ ತಯಾರಾದ ಗಾಡಿ ಮೂರು ಹೋದ್ರೆ ಮೇಲಿಂದ ವಿಚಾರಣೆ ಬರುತ್ತೆ. ಇನ್ನೊಂದು ವಾರಂಟಿ ಕ್ಲೇಮು ಕಳಿಸ್ಬೇಡ ಅಂತ ಮೊನ್ನೇನೇ ಫೋನ್ ಬಂದಿದೆ. ಜಾಬ್ ಕಾರ್ಡ್ ತಗೋ, ಬರಿ."

"ಏನಂತ ಸಾರ್?"

"ಸ್ಪೀಡಲ್ಲಿದ್ದಾಗ ಐದನೇ ಗೇರಿಂದ ಎರಡನೇದಕ್ಕೆ ಹಾಕಿದಾಳೆ. ಎಂಜಿನ್ ಮಿತಿ ಮೀರಿ ಸುತ್ತಿ ರಾಡು ಮುರಿದಿದೆ. ಚಾಲಕರ ತಪ್ಪು. ವಾರಂಟಿ ಅನ್ವಯಿಸೋದಿಲ್ಲ."

"ಸ್ಕ್ಯಾನರಲ್ಲಿ ಹಂಗೆ ಬಂದಿಲ್ಲ ಸಾರ್."

"ಸ್ಕ್ಯಾನರ್ ಯಾರು ಕೇಳ್ತಾರೆ?"

"ಮೊದಲಿನ ಎರಡಕ್ಕೆ ಕೊಟ್ವಲ್ಲ..."

"ಅವರು ಸುಮ್ನೆ ಕೂರೋ ಜನಾನಾ? ಇವಳು ಟ್ಯಾಕ್ಸಿ ಹುಡುಗಿ. ಹೆಂಗಸು ಗೇರ್ ತಪ್ಪು ಹಾಕಿದ್ಲು ಅಂದ್ರೆ ಊರೇ ನಂಬುತ್ತೆ." ಅವರು ನನ್ನ ಭುಜದ ಮೇಲೆ ಕೈಯಿಟ್ಟರು. "ಏಪ್ರಿಲ್ ಬಂತು ಪ್ರಕಾಶ್. ನಿನ್ನ ಹೆಸರು ಪಟ್ಟೀಲಿ ಇದೆ. ಬರಿ."

ಬರೆದೆ. ಕೆಳಗೆ ಸಹಿ ಹಾಕಿದೆ.

ಮರುದಿನ ಅಪ್ಪ ಮಗಳು ಇಬ್ಬರೂ ಬಂದರು. ಹುಲಿಯಪ್ಪನನ್ನು ನಾನು ಅದೇ ಮೊದಲು ನೋಡಿದ್ದು. ಒಣಗಿದ ಆಳು. ಒಗೆದು ಒಗೆದು ತೆಳುವಾದ ಬಿಳಿ ಅಂಗಿ. ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ತ್ರಿವಿಕ್ರಮ ಕಾಗದ ಕೊಟ್ಟರು. ಸಮತಾ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಜೋರಾಯಿತು.

"ಎರಡನೇ ಗೇರಾ? ನಾನಾ? ಇಪ್ಪತ್ತು ಮಕ್ಕಳನ್ನ ಕೂರಿಸ್ಕೊಂಡು ಐದು ವರ್ಷ ವ್ಯಾನ್ ಓಡಿಸಿದೀನಿ ಸಾರ್. ಒಂದು ಮಗು ಸೀಟಿಂದ ಜಾರಿಲ್ಲ."

"ತಪ್ಪು ಎಲ್ಲರೂ ಮಾಡ್ತಾರಮ್ಮ."

"ನಾನು ಮಾಡಿಲ್ಲ. ಇದು ಯಾರು ಬರೆದಿದ್ದು?"

ತ್ರಿವಿಕ್ರಮ ನನ್ನ ಕಡೆ ನೋಡಿದರು. ಸಮತಾಳೂ ನೋಡಿದಳು. ನಾನು ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿದೆ.

ಹುಲಿಯಪ್ಪ ಮಾತ್ರ ದನಿ ಏರಿಸಲಿಲ್ಲ. "ಸಾರ್, ಆ ಮುರಿದ ತುಂಡು ಒಂದ್ಸಲ ನೋಡ್ಬಹುದಾ?"

"ನೋಡಿ ಏನ್ ಮಾಡ್ತೀರಿ ಯಜಮಾನ್ರೇ?"

"ಮುರಿದಿರೋ ಮುಖ ನೋಡ್ಬೇಕಿತ್ತು."

"ನೀವೇನು ಇಂಜಿನಿಯರಾ?"

"ಅಲ್ಲ ಸಾರ್. ಫೌಂಡ್ರೀಲಿ ಟೆಸ್ಟಿಂಗ್ ಶೆಡ್ಡಲ್ಲಿದ್ದೆ. ಹೆಲ್ಪರ್."

ಕೌಂಟರಿನಲ್ಲಿದ್ದ ಇಬ್ಬರು ನಕ್ಕರು. ತ್ರಿವಿಕ್ರಮರೂ ನಕ್ಕು, "ತಂದು ತೋರಿಸಪ್ಪಾ ಪ್ರಕಾಶ. ಆಸೆ ತೀರ್ಲಿ," ಎಂದರು.

ತಟ್ಟೆಯಲ್ಲಿಟ್ಟು ತಂದೆ. ಒರೆಸಿ ಕೊಡೋಣ ಎಂದು ಬಟ್ಟೆ ತೆಗೆದೆ. ಹುಲಿಯಪ್ಪ ನನ್ನ ಕೈ ತಡೆದ.

"ಒರೆಸಬೇಡಪ್ಪ. ಉಜ್ಜಿದ್ರೆ ಗುರುತು ಹೋಗುತ್ತೆ."

ತುಂಡನ್ನು ಅಂಗಳದ ಬಿಸಿಲಿಗೆ ಒಯ್ದ. ಮುರಿದ ಜಾಗಕ್ಕೆ ಬೆರಳು ತಾಗದ ಹಾಗೆ ಹಿಡಿದು ಒಮ್ಮೆ ಊದಿದ. ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ. ಹತ್ತು ನಿಮಿಷ ಹಾಗೇ ನೋಡಿದ. ತ್ರಿವಿಕ್ರಮ ಎರಡು ಸಲ ಗಡಿಯಾರ ನೋಡಿಕೊಂಡರು.

"ನೋಡಿ ಸಾರ್," ಎಂದ ಕೊನೆಗೆ. "ಈ ಅರ್ಧ ಕಪ್ಪಗೆ, ನುಣ್ಣಗಿದೆ. ಆ ಅರ್ಧ ಬೆಳ್ಳಗೆ, ತರಿತರಿ ಇದೆ. ಬೆಳ್ಳಗಿರೋದು ಮೊನ್ನೆ ಮುರಿದಿದ್ದು. ಕಪ್ಪಗಿರೋದು ಮುಂಚೇನೇ ಬಿಟ್ಕೊಂಡಿತ್ತು, ಆಯಿಲ್ ಇಳಿದು ಕಪ್ಪಾಗಿದೆ. ಕಪ್ಪಲ್ಲಿ ಗೆರೆ ಕಾಣ್ತಾವಾ? ಹೊಳೆ ಇಳೀತಾ ಇಳೀತಾ ದಂಡೆ ಮರಳ ಮೇಲೆ ಗೆರೆ ಬಿಡುತ್ತಲ್ಲ, ಹಂಗೆ. ದಿನಾ ಒಂಚೂರು ಒಂಚೂರು ಬಿರುಕು ಮುಂದಕ್ಕೆ ಹೋಗಿದೆ. ಎಲ್ಲಾ ಗೆರೆ ಎಲ್ಲಿಂದ ಹೊರಟಿದಾವೆ ನೋಡಿ. ಈ ಸಾಸಿವೆ ಕಾಳಿನಷ್ಟು ಗುಳಿಯಿಂದ. ಇದು ತಯಾರು ಮಾಡ್ದಾಗಲೇ ಒಳಗಿದ್ದ ಗುಳಿ. ನನ್ನ ಮಗಳು ಗೇರ್ ತಪ್ಪಿಸಿದ್ರೆ ಮುಖವೆಲ್ಲ ಒಂದೇ ಬಣ್ಣ ಇರ್ತಿತ್ತು."

ತ್ರಿವಿಕ್ರಮ ಬಗ್ಗಿ ನೋಡಿದರು. ಒಂದು ಕ್ಷಣ ಅವರ ಮುಖದ ನಗೆ ಹಾರಿಹೋಯಿತು. ಅದನ್ನು ನಾನು ನೋಡಿದೆ. ಮರುಕ್ಷಣ ನೆಟ್ಟಗೆ ನಿಂತರು.

"ಇದನ್ನ ಹೇಳೋಕೆ ನಿಮ್ಮ ಹತ್ರ ಸರ್ಟಿಫಿಕೇಟ್ ಇದೆಯಾ?"

"ಇಪ್ಪತ್ತಾರು ವರ್ಷ ಇದೇ ಮಾಡಿದೀನಿ ಸಾರ್. ಮುರಿಯೋದು, ನೋಡೋದು."

"ಬರವಣಿಗೇಲಿ ಇದೆಯಾ ಅಂದೆ."

"ಬರವಣಿಗೆ ಇಂಜಿನಿಯರ್ದು. ನಾನು ನೋಡಿ ಹೇಳ್ತಿದ್ದೆ, ಅವರು ಸೈನ್ ಹಾಕ್ತಿದ್ರು."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ." ತ್ರಿವಿಕ್ರಮ ತುಂಡನ್ನು ಅವನ ಕೈಯಿಂದ ತೆಗೆದು ನನಗೆ ಕೊಟ್ಟರು. "ಒಳಗಿಟ್ಟು ಬೀಗ ಹಾಕು."

ಹಾಕಿದೆ.

ಆಮೇಲೆ ಎರಡು ವಾರ ಅವರು ದಿನಾ ಬಂದರು. ಬೆಳಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ನಿಲ್ಲುವರು. ಗ್ರಾಹಕರು ಕೂರುವ ಏಸಿ ಕೋಣೆಗೆ ಅವರನ್ನು ಬಿಡಬೇಡ ಎಂದು ಸೆಕ್ಯುರಿಟಿಯವನಿಗೆ ಹೇಳಲಾಗಿತ್ತು. ಸಾಲ ಕೊಟ್ಟ ಫೈನಾನ್ಸಿನವರು ಜನ್ನಾಪುರದ ಮನೆಗೆ ಬಂದು, ಬೀದಿಯವರಿಗೆಲ್ಲ ಕೇಳುವ ಹಾಗೆ ಕಂತು ಕೇಳಿ ಹೋದರಂತೆ. ಬಿಚ್ಚಿಟ್ಟ ಗಾಡಿ ಜಾಗ ತಿನ್ನುತ್ತಿದೆ, ಅದಕ್ಕೂ ಬಾಡಿಗೆ ಕೊಡಿ ಎಂದು ನಮ್ಮವರೂ ಒಂದು ಕಾಗದ ಕಳಿಸಿದರು.

ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಒಂದು ಗಾಡಿಯ ಬೋಲ್ಟು ಅರ್ಧ ತಿರುಗಿಸಿ ಇನ್ನೊಂದು ಗಾಡಿಗೆ ಹೋಗುತ್ತಿದ್ದೆ. ಟೀ ತಂದಿಟ್ಟರೆ ಮರೆಯುತ್ತಿದ್ದೆ. ಗೇಟಿನ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಒಂದು ಸಂಜೆ ಬಸ್ಸಿನಲ್ಲಿ ಭದ್ರಾವತಿಯ ನ್ಯೂ ಟೌನಿನ ನನ್ನ ಮನೆಗೆ ಹೊರಟವನು ಜನ್ನಾಪುರದಲ್ಲೇ ಇಳಿದುಬಿಟ್ಟೆ. ಯಾಕೆ ಇಳಿದೆನೋ ಗೊತ್ತಿಲ್ಲ. ನನ್ನ ಮುಂದೆಯೇ ಹುಲಿಯಪ್ಪ ಇಳಿದು ಹೋಗುತ್ತಿದ್ದ. ಅದೇ ಬಸ್ಸಿನಲ್ಲಿ ಇದ್ದನಂತೆ, ನಾನು ಕಂಡಿರಲಿಲ್ಲ.

"ಬಾ ಮಾರಾಯ, ಟೀ ಕುಡ್ಕಂಡು ಹೋಗುವಂತೆ," ಎಂದ.

ಮನೆಯ ಮುಂದಿನ ಜಗಲಿಯಲ್ಲಿ ಕೂರಿಸಿದ. ಅವನ ಹೆಂಡತಿ ಈಶ್ವರಮ್ಮ ಟೀ ತಂದಳು. ನಾನು ಯಾರೆಂದು ಗೊತ್ತಾದಾಗ ಲೋಟ ಕೈಗೆ ಕೊಡಲಿಲ್ಲ, ನೆಲಕ್ಕೆ ಕುಕ್ಕಿದಳು.

"ನಿನ್ನ ಸೈನಿಂದ ನನ್ನ ಮಗಳ ಬಾಳೇ ನಿಂತೋಯ್ತಲ್ಲಪ್ಪಾ."

"ಸುಮ್ನಿರೇ," ಎಂದ ಹುಲಿಯಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ನಿನ್ನೇನೂ ಅನ್ನಲ್ಲ ನಾನು. ನಾನೂ ನಿನ್ ತರಾನೇ ಇದ್ದೋನು. ಒಂದ್ಸಲ ನಮ್ಮ ಶೆಡ್ಡಿಗೆ ಬಂದ ಪೀಸು ಮುರಿದು ನೋಡಿದ್ರೆ ಒಳಗೆಲ್ಲ ಗುಳಿ. ಸಾಹೇಬ್ರೇ, ಈ ಲಾಟು ಹೋಗ್ಬಾರದು ಅಂದೆ. ಲಾರಿ ನಿಂತಿದೆ, ಬಾಯಿ ಮುಚ್ಚು ಅಂದ್ರು. ಮುಚ್ಚಿದೆ. ಲಾರಿ ಹೋಯ್ತು." ಅವನು ಟೀ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. "ಆ ಪೀಸು ಯಾರ ಗಾಡೀಲಿ ಮುರೀತೋ, ಗಾಡೀಲಿ ಎಷ್ಟು ಜನ ಇದ್ರೋ. ಹದಿನೆಂಟು ವರ್ಷ ಆಯ್ತು. ಇವತ್ತಿಗೂ ಬಸ್ಸು ಹತ್ತಿದ್ರೆ ಅಡಿಯಿಂದ ಸದ್ದು ಬರುತ್ತಾ ಅಂತ ಕೇಳಿಸ್ಕಂತಾ ಕೂತಿರ್ತೀನಿ."

ನಾನು ಲೋಟ ಪಕ್ಕಕ್ಕೆ ಸರಿಸಿದೆ.

ಒಳಗಿಂದ ಸಮತಾ ಬಂದಳು. ಷೋರೂಮಿನಿಂದ ಅವಳಿಗೊಂದು ಮಾತು ಬಂದಿತ್ತು. ತಪ್ಪು ತನ್ನದೇ ಎಂದು ಬರೆದು ಸಹಿ ಹಾಕಿದರೆ, ಕನಿಕರದಿಂದ ಎಂಜಿನ್ನಿನ ಅರ್ಧ ಬೆಲೆಯನ್ನು ಕಂಪನಿ ಕೊಡುತ್ತದೆ. ಶನಿವಾರ ಕಂಪನಿಯ ದೊಡ್ಡ ಅಧಿಕಾರಿ ಬರುತ್ತಾರೆ, ಅವರೆದುರೇ ಸಹಿ ಆಗಬೇಕು.

"ಹಾಕಿಬಿಡು ಅಂತೀನಿ ನಾನು," ಎಂದಳು ಈಶ್ವರಮ್ಮ. "ಅರ್ಧ ಆದ್ರೂ ಬರ್ಲಿ. ಗಾಡಿ ಓಡ್ಲಿ."

"ಗಾಡಿ ಓಡುತ್ತಮ್ಮ. ಅದನ್ನ ನಂಬಿ ಯಾರು ಹತ್ತುತಾರೆ?" ಎಂದಳು ಸಮತಾ. "ಗೇರ್ ಹಾಕೋಕೆ ಬರಲ್ಲ ಅಂತ ನಾನೇ ಬರ್ಕೊಟ್ಟ ಮೇಲೆ ನನ್ನ ಡ್ರೈವರ್ ಬ್ಯಾಡ್ಜಿಗೆ ಏನು ಬೆಲೆ?"

ಹುಲಿಯಪ್ಪ, "ನಿನ್ನ ಹೆಸರು, ನಿನ್ನ ಸೈನು. ನೀನೇ ನೋಡ್ಕ," ಎಂದ.

ಶನಿವಾರ ಬಂತು. ಯುಗಾದಿಗೆ ಎರಡೇ ದಿನ. ಷೋರೂಮಿನ ಬಾಗಿಲಿಗೆ ಮಾವಿನ ತೋರಣ, ಒಳಗೆ ಸಾಲಾಗಿ ಹೂವಿನ ಹಾರ ಹಾಕಿದ ಹೊಸ ಕಾರುಗಳು. ಒಂದೊಂದು ಕಾರಿನ ಮುಂದೂ ಒಂದೊಂದು ಸಂಸಾರ. ಗಾಜಿನ ಮೇಜಿನ ಮೇಲೆ ಬೇಸನ್ ಲಾಡು. ಅಧಿಕಾರಿ ಬೆಳಗ್ಗಿನ ವಿಮಾನದಲ್ಲಿ ಬಂದಿಳಿದಿದ್ದರು. ಸಮತಾ ಬಂದಳು, ಜೊತೆಗೆ ಹುಲಿಯಪ್ಪ. ಅವರ ಹಿಂದೆ ವಿಮಾನ ನಿಲ್ದಾಣದ ಸ್ಟ್ಯಾಂಡಿನ ಮೂವತ್ತು ಮಂದಿ ಡ್ರೈವರುಗಳು. ಮುಂದೆ ಮುರುಗೇಶಪ್ಪ, ಸ್ಟ್ಯಾಂಡಿನ ಹಿರಿಯ. ಸೆಕ್ಯುರಿಟಿಯವನು ತಡೆಯಲು ಬಂದ.

"ಹೊಸ ಗಾಡಿ ನೋಡಕ್ಕೆ ಬಂದಿದೀವಿ ಕಣಪ್ಪಾ. ಹಬ್ಬ ಅಲ್ವಾ?" ಎಂದು ಮುರುಗೇಶಪ್ಪ ಒಳಗೆ ಬಂದೇ ಬಿಟ್ಟ.

ಗಾಜಿನ ಮೇಜಿನ ಮೇಲೆ ಕಾಗದ ಇಟ್ಟರು. ಸಮತಾ ಪೆನ್ನು ಮುಟ್ಟಲಿಲ್ಲ.

"ಸಾರ್, ಗಾಡಿ ಅರವತ್ತರಲ್ಲಿತ್ತು. ನಿಮ್ಮ ಸ್ಕ್ಯಾನರಲ್ಲಿ ಬಂದಿರೋದನ್ನ ತೋರ್ಸಿ. ನನ್ನ ತಪ್ಪು ಅಂತ ಅದರಲ್ಲಿದ್ರೆ ಈಗಲೇ ಸೈನ್ ಹಾಕ್ತೀನಿ."

ಅಧಿಕಾರಿ ತ್ರಿವಿಕ್ರಮರನ್ನು ನೋಡಿದರು. ತ್ರಿವಿಕ್ರಮ ನನ್ನನ್ನು ಕರೆದರು. "ಇವನೇ ಸಾರ್ ಎಂಜಿನ್ ಬಿಚ್ಚಿದ್ದು. ಹೇಳು ಪ್ರಕಾಶ್, ಏನು ಬರ್ದಿದ್ದೆ?"

ನಾನು ಧೈರ್ಯವಂತನಲ್ಲ. ಬರೆದದ್ದನ್ನೇ ಮತ್ತೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಿರುಗಿ ಒಳಗೆ ಹೋದೆ. ಓಡಿಹೋದ ಎಂದೇ ಎಲ್ಲರೂ ಅಂದುಕೊಂಡರಂತೆ.

ಬೀಗ ತೆಗೆದೆ. ಬದಲಾಯಿಸಿದ ಹಳೆಯ ಭಾಗಗಳನ್ನು ಕಂಪನಿಗೆ ವಾಪಸು ಕಳಿಸಲು ಚೀಟಿ ಕಟ್ಟಿ ಅಲ್ಲೇ ಇಟ್ಟಿರುತ್ತೇವೆ. ಮೂರು ರಾಡುಗಳನ್ನೂ ತಂದು ಲಾಡಿನ ತಟ್ಟೆಯ ಪಕ್ಕದಲ್ಲಿ ಸಾಲಾಗಿ ಇಟ್ಟೆ.

"ಇದು ಮಂಡಿ ಸಾಹುಕಾರ್ರ ಗಾಡೀದು. ಇದು ಡಾಕ್ಟರ್ದು. ಇದು ಸಮತಾದು," ಎಂದೆ. ದನಿ ನನ್ನದಲ್ಲ ಎನಿಸಿತು. "ಅವರಿಬ್ಬರಿಗೂ ನಾನೇ ಹೊಸ ಎಂಜಿನ್ ಕೂರಿಸಿದೀನಿ, ವಾರಂಟೀಲಿ. ಇವಳ ಗಾಡಿ ಅರವತ್ತೆರಡರಲ್ಲಿತ್ತು, ಸ್ಕ್ಯಾನರಲ್ಲಿ ನಾನೇ ನೋಡಿದೀನಿ. ನಾನು ಬರೆದಿದ್ದು ಸುಳ್ಳು."

"ಏಯ್!" ಎಂದರು ತ್ರಿವಿಕ್ರಮ.

ಹುಲಿಯಪ್ಪ ಮೊದಲಿನ ಎರಡನ್ನು ಆವರೆಗೆ ನೋಡಿರಲಿಲ್ಲ. ಮೇಜಿನ ಮೇಲೆ ಬಾಗಿ ನೋಡಿದ. ಒಂದೊಂದನ್ನೂ ಹುಷಾರಾಗಿ ತಿರುಗಿಸಿ, ಮುರಿದ ಮುಖ ಜನರ ಕಡೆ ಬರುವ ಹಾಗೆ ಇಟ್ಟ.

ಪಕ್ಕದಲ್ಲೇ ಗಂಡನ ಜೊತೆ ಹೊಸ ಕಾರು ಒಯ್ಯಲು ಬಂದಿದ್ದ ಟೀಚರೊಬ್ಬರು ನಿಂತಿದ್ದರು. ಕವನ ಎಂದು ಅವರ ಹೆಸರು. ಕೀಲಿ ಆಗಲೇ ಕೈಗೆ ಬಂದಿತ್ತು. ಅವರು ಕುತ್ತಿಗೆ ಚಾಚಿ ನೋಡಿದರು.

"ಮೂರರಲ್ಲೂ ಅರ್ಧ ಕಪ್ಪಗಿದೆಯಲ್ಲ," ಎಂದರು. "ಏನದು ಯಜಮಾನ್ರೇ?"

"ಹಳೇ ಬಿರುಕಮ್ಮಾ. ಗಾಡಿ ಹೊಸದು, ಬಿರುಕು ಹಳೇದು."

"ನನಗೂ ಕಾಣಿಸ್ತಿದೆಯಲ್ರೀ ಇದು!" ಅವರು ಅಧಿಕಾರಿಯ ಕಡೆ ತಿರುಗಿದರು. "ಸಾರ್, ನಮ್ಮ ಗಾಡಿ ಯಾವ ತಿಂಗಳು ತಯಾರಾಗಿದ್ದು?"

ಅಧಿಕಾರಿ, "ಮೇಡಂ, ಇದು ನಮ್ಮ ಒಳಗಿನ ವಿಷಯ," ಎಂದರು.

"ಒಳಗೆ ಕೂರೋರು ನಮ್ಮ ಮಕ್ಕಳಲ್ವಾ?"

ಕವನ ಟೀಚರು ಕೀಲಿಯನ್ನು ಮೂರು ರಾಡುಗಳ ಪಕ್ಕದಲ್ಲಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಂಸಾರದವರು ತಮ್ಮ ಕಾರಿನ ಹಾರ ಪಕ್ಕಕ್ಕೆ ಸರಿಸಿ, ಬಾನೆಟ್ ತೆಗೆಯಿರಿ ಎಂದು ಕೇಳಿದರು. ಅಧಿಕಾರಿ ರಾಡುಗಳನ್ನು ಎತ್ತಿಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಡ್ರೈವರುಗಳು ಮೇಜಿನ ಸುತ್ತ ಮೊಬೈಲು ಹಿಡಿದು ನಿಂತಿದ್ದರು. ಚಾಚಿದ ಕೈ ಹಿಂದೆ ಹೋಯಿತು.

ನನ್ನ ಅಂಗಿಯನ್ನು ಅಲ್ಲೇ ಬಿಚ್ಚಿಸಿಕೊಂಡರು. ಬನಿಯನ್ನಿನಲ್ಲೇ ಗೇಟು ದಾಟಿದೆ. ಮುರುಗೇಶಪ್ಪ ತನ್ನ ಟವೆಲ್ಲು ಹೊದಿಸಿದ. ಮನೆಗೆ ಹೋಗಿ ವೀಣಾಗೆ ಹೇಳಿದಾಗ ಅವಳು ಬೈಯಲಿಲ್ಲ, ಹೊಗಳಲೂ ಇಲ್ಲ. "ಊಟ ಮಾಡು. ನಾಳೆಗೆ ಏನಾದ್ರೂ ನೋಡೋಣ," ಎಂದಳು.

ಸಮತಾಗೆ ಎಂಜಿನ್ ಇನ್ನೂ ಬಂದಿಲ್ಲ. ಕಂಪನಿ ಅವಳಿಗೆ ನೋಟೀಸು ಕಳಿಸಿತು, ನನಗೊಂದು ಕಳಿಸಿತು. ಹೆಸರು ಕೆಡಿಸಿದೆವಂತೆ. ಅವಳು ಈಗ ಮುರುಗೇಶಪ್ಪನ ಎರಡನೇ ಗಾಡಿಯನ್ನು ದಿನಗೂಲಿಗೆ ಓಡಿಸುತ್ತಾಳೆ. ನಾನು ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ಸ್ಕೂಟರ್ ಬಿಚ್ಚುತ್ತೇನೆ. ಆ ಕಾರುಗಳು ಬೇರೆ ಊರುಗಳಲ್ಲಿ ಇನ್ನೂ ಮಾರಾಟವಾಗುತ್ತಿವೆ.

ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದೆವು. ಮೊದಲು ಸಮತಾ ಒಬ್ಬಳದೇ ಹೆಸರು. ಕವನ ಟೀಚರು ತಮ್ಮ ಪರಿಚಯದವರಿಗೆ ಫೋನು ಮಾಡಿದರು. ಅವರು ಇನ್ನೊಬ್ಬರಿಗೆ ಮಾಡಿದರು. ಅದೇ ಮಾಡೆಲ್ ಕೊಂಡಿದ್ದವರು ಶಿಕಾರಿಪುರದಿಂದ ಒಬ್ಬರು, ತರೀಕೆರೆಯಿಂದ ಇಬ್ಬರು ಬಂದರು. ಮಂಡಿ ಸಾಹುಕಾರರು ಮಾತ್ರ ಫೋನು ಎತ್ತಲಿಲ್ಲ. ವಿಚಾರಣೆಯ ದಿನ ನಾವು ಹನ್ನೊಂದು ಮಂದಿ ಆ ಕೋಣೆಯಲ್ಲಿದ್ದೆವು. ಬೆಂಚಿನಲ್ಲಿ ಜಾಗ ಸಾಲದೆ ಹುಲಿಯಪ್ಪ ಗೋಡೆಗೆ ಒರಗಿ ನಿಂತಿದ್ದ.

ಕಂಪನಿಯ ವಕೀಲರು ಎದ್ದು, ಇನ್ನೂ ಸಮಯ ಬೇಕು, ಮುಂದಿನ ತಿಂಗಳು ಇಟ್ಟುಕೊಳ್ಳಿ ಎಂದು ಕೇಳಿದರು. ಮುಂದಿನ ತಾರೀಖು ನಿಗದಿಯಾಯಿತು. ಹೊರಗೆ ವರಾಂಡದಲ್ಲಿ ಆ ವಕೀಲರು ಸಮತಾಳ ಹತ್ತಿರ ಬಂದರು. ವಯಸ್ಸಾದವರು, ದನಿ ಮೆತ್ತಗಿತ್ತು.

"ನೋಡಮ್ಮಾ, ಇದು ವರ್ಷಗಟ್ಟಲೆ ಹೋಗುತ್ತೆ. ಎಷ್ಟು ಸಲ ಅಂತ ದುಡಿಮೆ ಬಿಟ್ಟು ಬರ್ತೀಯ?"

ಸಮತಾ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡಳು.

"ಬರ್ತೀವಿ ಸಾರ್," ಎಂದಳು. "ಮುಂದಿನ ಸಲ ನಮಗೆ ಆ ಬೆಂಚು ಸಾಲೋದಿಲ್ಲ. ಇನ್ನೂ ನಾಲ್ಕೈದು ಹಾಕ್ಸೋಕೆ ಹೇಳಿ."